ಮೊದಲು ಕೆಲಸ ಕೂಡಿಡಿ, ಆಮೇಲೆ ಕರೆಂಟು

ಮಾರ್ಚ್ ತಿಂಗಳ ನಡುಮಧ್ಯಾಹ್ನ ಹಾವೇರಿ ಜಿಲ್ಲೆಯ ಕರ್ಜಗಿಯ ಮಾಳಿಗೆಯ ಮೇಲೆ ಚದರ ಮೀಟರಿಗೆ ಹತ್ತಿರಹತ್ತಿರ 1,000 ವ್ಯಾಟ್‌ನಷ್ಟು ಬಿಸಿಲು ಸುರಿಯುತ್ತದೆ. ಈಗ ಪೇಟೆಯಲ್ಲಿ ಸಿಗುವ ಸಿಲಿಕಾನ್ ಪ್ಯಾನೆಲ್ ಅದರಲ್ಲಿ ಐದನೇ ಒಂದು ಪಾಲನ್ನು ವಿದ್ಯುತ್ತಾಗಿ ಮಾಡಿಕೊಡುತ್ತದೆ. ಆದರೆ ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ? ದುಡಿಯುವವರು ಹೊಲದಲ್ಲಿ, ಮಕ್ಕಳು ಶಾಲೆಯಲ್ಲಿ, ನೌಕರಿಯವರು ಹಾವೇರಿಯಲ್ಲಿ. ಸಂಜೆ ಏಳಕ್ಕೆ ಎಲ್ಲರೂ ಮನೆ ಸೇರಿ ದೀಪ, ಫ್ಯಾನು, ಟಿ.ವಿ. ಹಾಕುವ ಹೊತ್ತಿಗೆ ಪ್ಯಾನೆಲ್ ಕೊಡುವುದು ಸೊನ್ನೆ.

ಸೌರಶಕ್ತಿಯ ತೊಡಕು ಬಿಸಿಲಿನ ಕೊರತೆಯಲ್ಲಿಲ್ಲ, ಈ ಹೊತ್ತಿನ ವ್ಯತ್ಯಾಸದಲ್ಲಿದೆ. ಹಾವೇರಿ ಸೀಮೆಯಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯುನಿಟ್ ಕೊಡುತ್ತದೆ. ಸಣ್ಣ ಕುಟುಂಬವೊಂದಕ್ಕೆ ಅಷ್ಟು ಧಾರಾಳ. ಅದನ್ನು ಹಗಲಿನಿಂದ ರಾತ್ರಿಗೆ ದಾಟಿಸುವುದು ಹೇಗೆ ಎಂದು ಕೇಳಿದರೆ ಬರುವ ಉತ್ತರ ಒಂದೇ: ಬ್ಯಾಟರಿ. ಉತ್ತರ ತಪ್ಪಲ್ಲ. ಆದರೆ ಅದು ಕೊನೆಯ ಉತ್ತರ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ರಾತ್ರಿ ಮಾಡುವ ಕೆಲಸಗಳಲ್ಲಿ ರಾತ್ರಿಯೇ ಮಾಡಬೇಕಾದವು ಎಷ್ಟು?

ಪ್ಯಾನೆಲ್ ಇದ್ದೂ ಕತ್ತಲೆ

ಮನೆಯ ಮೇಲೆ ಪ್ಯಾನೆಲ್ ಹಾಕಿಸಿದ ಅನೇಕರಿಗೆ ಮೊದಲ ಆಘಾತ ಆಗುವುದು ಕರೆಂಟು ಹೋದಾಗ. ಹೊರಗೆ ಬೆಂಕಿಯಂಥ ಬಿಸಿಲು, ಮೇಲೆ ಮೂರು ಕಿಲೋವ್ಯಾಟ್ ಪ್ಯಾನೆಲ್, ಒಳಗೆ ಫ್ಯಾನು ನಿಂತಿದೆ. ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರುವುದಿಲ್ಲ. ಅದು ಇರಬೇಕಾದುದೇ ಹಾಗೆ.

ಬ್ಯಾಟರಿ ಇಲ್ಲದ ಆನ್‌ಗ್ರಿಡ್ ವ್ಯವಸ್ಥೆಯ ಇನ್ವರ್ಟರ್ ವಿದ್ಯುತ್ ಕಂಪನಿ ಹೆಸ್ಕಾಂನ ತಂತಿಯ ವಿದ್ಯುತ್ತನ್ನು ನೋಡಿಕೊಂಡು, ಅದರ ಲಯಕ್ಕೆ ತನ್ನ ಲಯ ಕೂಡಿಸಿ ಕೆಲಸ ಮಾಡುತ್ತದೆ. ತಂತಿಯಲ್ಲಿ ವಿದ್ಯುತ್ ನಿಂತರೆ ಒಂದೆರಡು ಸೆಕೆಂಡಿನೊಳಗೆ ತಾನೂ ನಿಲ್ಲಬೇಕೆಂದು ನಿಯಮವಿದೆ. ಕಾರಣ ಲೈನ್‌ಮನ್‌ನ ಜೀವ. ಟ್ರಾನ್ಸ್‌ಫಾರ್ಮರ್ ಬಂದ್ ಮಾಡಿ, ಲೈನು ಸತ್ತಿದೆ ಎಂದು ಆತ ಕಂಬ ಹತ್ತಿದಾಗ ಯಾರದೋ ಮಾಳಿಗೆಯಿಂದ ವಿದ್ಯುತ್ ಹಿಂದಕ್ಕೆ ಹರಿದುಬಂದರೆ ಅನಾಹುತ. ಆದ್ದರಿಂದ ಬರೀ ಪ್ಯಾನೆಲ್ ಎಂದರೆ ಬಿಲ್ ಇಳಿಸುವ ಸಾಧನ. ಕರೆಂಟು ಹೋದಾಗ ಆಸರೆಯಾಗುವುದು ಅದರ ಕೆಲಸವಲ್ಲ. ಆಸರೆ ಬೇಕಿದ್ದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಎರಡೂ ಬೇಕು. ಹೈಬ್ರಿಡ್ ಇನ್ವರ್ಟರ್ ಕರೆಂಟು ಹೋದ ಕೂಡಲೇ ಮನೆಯನ್ನು ಬೀದಿಯ ತಂತಿಯಿಂದ ಬಿಡಿಸಿ, ತನ್ನದೇ ಲಯ ಕಟ್ಟಿಕೊಂಡು, ಪ್ಯಾನೆಲ್ ಮತ್ತು ಬ್ಯಾಟರಿಯಿಂದ ಮನೆ ನಡೆಸುತ್ತದೆ.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಮನೆಗಳಿಗೆ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಈ ಲೆಕ್ಕ ಪ್ಯಾನೆಲ್‌ನ ಕಿಲೋವ್ಯಾಟ್ ಮೇಲೆ ನಿಂತಿದೆ, ಬ್ಯಾಟರಿಯ ಮೇಲಲ್ಲ. ಅಂದರೆ ಬ್ಯಾಟರಿಯ ಖರ್ಚು ನಮ್ಮ ಕಿಸೆಯದು. ಆದ್ದರಿಂದ ಅದರ ಲೆಕ್ಕವನ್ನು ನಾವೇ ಹಾಕಲು ಕಲಿಯಬೇಕು.

ಕಿಲೋವ್ಯಾಟ್ ಬೇರೆ, ಯುನಿಟ್ ಬೇರೆ

ಅಂಗಡಿಯಲ್ಲಿ ಹೆಚ್ಚು ಗೊಂದಲ ಹುಟ್ಟುವುದು ಈ ಎರಡು ಅಳತೆಗಳಿಂದ. ಕಿಲೋವ್ಯಾಟ್ ಎಂದರೆ ಒಂದು ಕ್ಷಣದಲ್ಲಿ ಎಷ್ಟು ಜೋರಾಗಿ ವಿದ್ಯುತ್ ಹರಿಯುತ್ತದೆ ಎಂಬುದು. ನಳದ ಬಾಯಿ ಎಷ್ಟು ಅಗಲವಿದೆ ಎಂಬಂತೆ. ಕಿಲೋವ್ಯಾಟ್ ಅವರ್, ಅಂದರೆ ನಾವು ಬಿಲ್ಲಿನಲ್ಲಿ ಕಾಣುವ ಯುನಿಟ್, ಟ್ಯಾಂಕಿನಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದು. ಬ್ಯಾಟರಿ ಕೊಳ್ಳುವಾಗ ಎರಡನ್ನೂ ಕೇಳಬೇಕು. 5 ಯುನಿಟ್ ಹಿಡಿಯುವ ಬ್ಯಾಟರಿಗೆ 1 ಕಿಲೋವ್ಯಾಟ್ ಇನ್ವರ್ಟರ್ ಕೂಡಿಸಿದರೆ ಫ್ಯಾನು, ದೀಪ ರಾತ್ರಿಯಿಡೀ ನಡೆಯುತ್ತವೆ. ಆದರೆ 2 ಕಿಲೋವ್ಯಾಟಿನ ನೀರು ಕಾಯಿಸುವ ಗೀಸರ್ ಹಾಕಿದ ಕೂಡಲೇ ಇನ್ವರ್ಟರ್ ಟ್ರಿಪ್ ಆಗುತ್ತದೆ.

ಬ್ಯಾಟರಿಯ ಮೈಮೇಲೆ ಯುನಿಟ್ ಬರೆದಿರುವುದು ಕಡಿಮೆ. 12 ವೋಲ್ಟ್, 150 ಎ.ಎಚ್. (ಆಂಪಿಯರ್ ಅವರ್) ಎಂದು ಬರೆದಿರುತ್ತಾರೆ. ಎರಡನ್ನೂ ಗುಣಿಸಿ, ಸಾವಿರದಿಂದ ಭಾಗಿಸಿದರೆ ಯುನಿಟ್ ಸಿಗುತ್ತದೆ: 12 × 150 = 1,800, ಅಂದರೆ 1.8 ಯುನಿಟ್. ಇದು ಹೆಸರಿನ ಲೆಕ್ಕ. ಕೈಗೆ ಸಿಗುವ ಲೆಕ್ಕ ಬೇರೆ. ಸೀಸದ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಆದ್ದರಿಂದ 1.8 ಯುನಿಟಿನಲ್ಲಿ ನಮ್ಮದು 0.9 ಮಾತ್ರ.

ಒಂದು ಮನೆಯ ಲೆಕ್ಕ

ಕರ್ಜಗಿಯಂಥ ಊರಿನ ಸಾಧಾರಣ ಮನೆಯೊಂದರ ರಾತ್ರಿಯನ್ನು ಕಾಗದದ ಮೇಲೆ ಬರೆಯೋಣ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ: 180 ವ್ಯಾಟ್ ಅವರ್. 60 ವ್ಯಾಟಿನ ಟಿ.ವಿ. ಮೂರು ಗಂಟೆ: 180. ಮೊಬೈಲ್ ಚಾರ್ಜಿಂಗಿಗೆ 40. 75 ವ್ಯಾಟಿನ ಹಳೆಯ ಮಾದರಿಯ ಎರಡು ಸೀಲಿಂಗ್ ಫ್ಯಾನು ಎಂಟು ಗಂಟೆ: 1,200. ಒಟ್ಟು 1,600, ಅಂದರೆ 1.6 ಯುನಿಟ್. ಇನ್ವರ್ಟರಿನಲ್ಲಿ ಸೋರುವ ಶೇ. 15ರಷ್ಟನ್ನು ಸೇರಿಸಿದರೆ ಬ್ಯಾಟರಿಯಿಂದ ತೆಗೆಯಬೇಕಾದದ್ದು ಸುಮಾರು 1.9 ಯುನಿಟ್. ಸೀಸದ 150 ಎ.ಎಚ್. ಬ್ಯಾಟರಿ ಎರಡಿದ್ದರೂ ಸ್ವಲ್ಪ ಕೊರತೆಯೇ.

ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಮುಕ್ಕಾಲು ಪಾಲು ನುಂಗುವವು ಎರಡು ಫ್ಯಾನು. ಅವನ್ನು ಕಡಿಮೆ ವಿದ್ಯುತ್ ಸಾಕಾಗುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ 1,200 ಇದ್ದದ್ದು 480ಕ್ಕೆ ಇಳಿಯುತ್ತದೆ. ಒಟ್ಟು 880, ಸೋರಿಕೆ ಸೇರಿ ಸುಮಾರು 1.04 ಯುನಿಟ್. 12.8 ವೋಲ್ಟ್, 100 ಎ.ಎಚ್.ನ ಒಂದೇ ಒಂದು ಲಿಥಿಯಂ ಬ್ಯಾಟರಿಯಲ್ಲಿ ಇದು ಮುಗಿಯುತ್ತದೆ. ಅದರ ಹೆಸರಿನ ಲೆಕ್ಕ 1.28 ಯುನಿಟ್, ಶೇ. 85ರಷ್ಟು ಬಳಸಿದರೆ 1.09. ಎರಡು ಫ್ಯಾನು ಬದಲಿಸಿದ್ದರಿಂದ ಬ್ಯಾಟರಿಯ ಗಾತ್ರ ಅರ್ಧಕ್ಕೆ ಹತ್ತಿರ ಬಂತು. ಬ್ಯಾಟರಿ ಅಂಗಡಿಗೆ ಹೋಗುವ ಮುಂಚೆ ಫ್ಯಾನಿನ ಅಂಗಡಿಗೆ ಹೋಗುವುದು ಯಾವಾಗಲೂ ಲಾಭ.

ಇದನ್ನು ತುಂಬಲು ಎಷ್ಟು ಪ್ಯಾನೆಲ್ ಬೇಕು? ಬೇಸಿಗೆಯ ಲೆಕ್ಕ ಹಿಡಿದರೆ 300 ವ್ಯಾಟ್ ಸಾಕು. ಆದರೆ ಪ್ಯಾನೆಲ್ ಕೊಳ್ಳಬೇಕಾದದ್ದು ಬೇಸಿಗೆಗಲ್ಲ. ಕರ್ಜಗಿಗೆ ಹೆಸರು ತಂದಿರುವ ಕಾರಹುಣ್ಣಿಮೆ ಕಳೆದು ಮುಂಗಾರಿನ ಮೋಡ ಕವಿದರೆ ಕೆಲವು ದಿನ ಅರ್ಧವೂ ಸಿಗುವುದಿಲ್ಲ. ಹೀಗಾಗಿ 540 ವ್ಯಾಟಿನ ಒಂದು ಪ್ಯಾನೆಲ್ ಹಾಕುವುದು ಜಾಣತನ. ಬೇಸಿಗೆಯಲ್ಲಿ ಮಿಗುವ ವಿದ್ಯುತ್ತು ಹಗಲಿನ ಮಿಕ್ಸರಿಗೋ ಹೊಲಿಗೆ ಯಂತ್ರಕ್ಕೋ ಆಗುತ್ತದೆ. ಅಂದಹಾಗೆ, ಕಡುಬೇಸಿಗೆಯ ಬಿಸಿಲು ಪ್ಯಾನೆಲ್‌ಗೆ ಅತ್ಯುತ್ತಮ ಎಂಬುದು ಅರ್ಧ ಸತ್ಯ. ಸಿಲಿಕಾನ್‌ಗೆ ಬೆಳಕು ಬೇಕು, ಶಾಖ ಬೇಡ. ಪ್ಯಾನೆಲ್ ಕಾದು 60 ಡಿಗ್ರಿ ಮುಟ್ಟಿದರೆ ಉತ್ಪತ್ತಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚೇ ಕುಗ್ಗುತ್ತದೆ. ಅದಕ್ಕೇ ಪ್ಯಾನೆಲ್‌ನ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಬೇಕು.

ಸೀಸವೋ ಲಿಥಿಯಮ್ಮೋ

ಸೀಸ–ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಮಾಡಿ ತೋರಿಸಿದ್ದು 1859ರಲ್ಲಿ. ಗಂಧಕಾಮ್ಲದಲ್ಲಿ ಮುಳುಗಿದ ಸೀಸದ ಫಲಕಗಳು. ನೂರಾ ಅರವತ್ತು ವರ್ಷ ದಾಟಿದರೂ ನಮ್ಮ ಮನೆಗಳ ಇನ್ವರ್ಟರ್ ಕೆಳಗೆ ಕೂತಿರುವುದು ಅದರ ಮೊಮ್ಮಗನೇ. ಕರ್ನಾಟಕದ ಹಳ್ಳಿಗಳಿಗೆ ಸೌರದೀಪ ಬಂದದ್ದೂ ಇದರ ಬಲದಿಂದ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೇರಿ ಸ್ಥಾಪಿಸಿದ ಸೆಲ್ಕೋ, ಒಂದು ಪ್ಯಾನೆಲ್, ಒಂದು ಬ್ಯಾಟರಿ, ಎರಡೋ ನಾಲ್ಕೋ ದೀಪದ ಸೆಟ್ಟನ್ನು ಬ್ಯಾಂಕ್ ಸಾಲದ ಮೇಲೆ ಬಡವರ ಮನೆಗೆ ಮುಟ್ಟಿಸಬಹುದೆಂದು ತೋರಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸೀಸದ ಗುಣ: ಮೊದಲ ಬೆಲೆ ಕಡಿಮೆ, ರಿಪೇರಿ ಬಲ್ಲವರು ಊರೂರಲ್ಲಿದ್ದಾರೆ, ಹಳೆಯದನ್ನು ಗುಜರಿಗೆ ಕೊಟ್ಟರೆ ಹಣ ಬರುತ್ತದೆ. ದೋಷ: ಐವತ್ತು ಕಿಲೋ ಭಾರ, ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ತುಂಬುವಾಗ ಹೈಡ್ರೋಜನ್ ಬಿಡುವುದರಿಂದ ಗಾಳಿಯಾಡುವ ಜಾಗ ಬೇಕು, ಮತ್ತು ಸೆಕೆ ಆಗದು. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಈ ಉದ್ಯಮದ ಗೊತ್ತಿರುವ ಸೂತ್ರ. ತಗಡಿನ ಮಾಡಿನ ಕೋಣೆಯಲ್ಲಿಟ್ಟ ಬ್ಯಾಟರಿ ಮೂರೇ ವರ್ಷಕ್ಕೆ ಕೈಕೊಡುವುದಕ್ಕೆ ಇದೇ ಕಾರಣ.

ಲಿಥಿಯಂ ಬ್ಯಾಟರಿಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಆದರೆ ಸೌರಶಕ್ತಿ ಕೂಡಿಡಲು ಇಂದು ಹೆಚ್ಚು ಬಳಕೆಯಲ್ಲಿರುವುದು ಲಿಥಿಯಂ ಕಬ್ಬಿಣ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ. ಇದರ ಬೀಜ 1997ರ ಒಂದು ಸಂಶೋಧನಾ ಪ್ರಬಂಧ. ಅದನ್ನು ಬರೆದ ಮೂವರು ಅಕ್ಷಯ ಪಾಢಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ತುಂಬುವಾಗ ಲಿಥಿಯಂ ಅಯಾನುಗಳು ಕಬ್ಬಿಣ ಫಾಸ್ಫೇಟಿನಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ; ಬಳಸುವಾಗ ಮರಳಿ ಬರುತ್ತವೆ. ಫಾಸ್ಫೇಟಿನಲ್ಲಿ ರಂಜಕ ಮತ್ತು ಆಮ್ಲಜನಕದ ಬೆಸುಗೆ ಬಲು ಗಟ್ಟಿ. ಹೀಗಾಗಿ ಕಾದರೂ ಆಮ್ಲಜನಕ ಸುಲಭಕ್ಕೆ ಬಿಡುಗಡೆಯಾಗುವುದಿಲ್ಲ. ಕೋಬಾಲ್ಟ್, ನಿಕ್ಕಲ್ ಬಳಸುವ ಲಿಥಿಯಂ ಬ್ಯಾಟರಿಗಳಿಗಿಂತ ಇದು ಬೆಂಕಿ ಹತ್ತುವ ಭಯ ಕಡಿಮೆ ಇರುವಂಥದ್ದು. ಮೂರು ಸಾವಿರ ಸಲಕ್ಕೂ ಮಿಕ್ಕಿ ತುಂಬಿ ಖಾಲಿ ಮಾಡಬಹುದು, ಅಂದರೆ ದಿನಕ್ಕೊಮ್ಮೆಯಂತೆ ಎಂಟು ವರ್ಷಕ್ಕೂ ಮೇಲೆ.

ಹಾಗಾದರೆ ಕೂಡಿಟ್ಟ ಒಂದು ಯುನಿಟ್ ಎಷ್ಟಕ್ಕೆ ಬೀಳುತ್ತದೆ? ಲೆಕ್ಕಕ್ಕೆಂದು ಸೀಸದ ಬ್ಯಾಟರಿಗೆ 16,000 ರೂಪಾಯಿ ಹಿಡಿಯೋಣ, ಸಲಕ್ಕೆ 0.9 ಯುನಿಟ್‌ನಂತೆ 1,500 ಸಲ ನಡೆದರೆ ಯುನಿಟ್ಟಿಗೆ ಸುಮಾರು 12 ರೂಪಾಯಿ. ಲಿಥಿಯಮ್ಮಿಗೆ 20,000 ಹಿಡಿದು, 1.09 ಯುನಿಟ್‌ನಂತೆ 3,000 ಸಲ ಎಂದರೆ ಸುಮಾರು 6 ರೂಪಾಯಿ. ಬೆಲೆ ಬದಲಾದರೆ ನಿಮ್ಮ ಅಂಕಿ ಹಾಕಿಕೊಳ್ಳಿ, ಸೂತ್ರ ಅದೇ. ಮೊದಲ ದಿನದ ಬೆಲೆಯಲ್ಲಿ ಸೀಸ ಗೆಲ್ಲುತ್ತದೆ, ಬಾಳಿಕೆಯ ಬೆಲೆಯಲ್ಲಿ ಲಿಥಿಯಂ. ಜೊತೆಗೆ ಒಂದು ಕಹಿ ಮಾತೂ ಇದೆ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯುನಿಟ್ ಒಳಗಿನ ಬಿಲ್ಲು ಸೊನ್ನೆ ಬರುತ್ತಿರುವ ಮನೆಗೆ ಬ್ಯಾಟರಿ ಒಂದು ರೂಪಾಯಿಯನ್ನೂ ಉಳಿಸಿಕೊಡುವುದಿಲ್ಲ. ಅಂಥ ಮನೆ ಬ್ಯಾಟರಿ ಕೊಂಡರೆ, ಕೊಂಡದ್ದು ಕರೆಂಟು ಹೋಗದ ನೆಮ್ಮದಿಯನ್ನು. ನೆಮ್ಮದಿಗೂ ಬೆಲೆ ಇದೆ, ಆದರೆ ಅದನ್ನು ಉಳಿತಾಯ ಎಂದು ಕರೆಯಬಾರದು.

ಹೊಲದಲ್ಲಿ ಬ್ಯಾಟರಿ ಏಕೆ ಬೇಡ

ಮನೆಯಿಂದ ಹೊಲಕ್ಕೆ ಬಂದರೆ ಲೆಕ್ಕವೇ ತಲೆಕೆಳಗಾಗುತ್ತದೆ. ವರದಾ ನದಿ ದಂಡೆಯ ಈ ಸೀಮೆಯಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವವರಿಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ ಎಂಬುದು ಮಳೆಯಷ್ಟೇ ಮುಖ್ಯ. ರಾತ್ರಿ ಪಾಳಿ ಬಂದರೆ ಬ್ಯಾಟರಿ ದೀಪ ಹಿಡಿದು, ಹಾವು–ಚೇಳಿನ ಭಯದಲ್ಲಿ ಹೊಲಕ್ಕೆ ಹೋಗಿ ನೀರು ಕಟ್ಟಬೇಕು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬತ್ತಿದಾಗ ಪಂಪ್‌ಸೆಟ್‌ಗೆ ಏಳು ಗಂಟೆ ಕರೆಂಟು ಬೇಕೆಂದು ರಾಜ್ಯದ ಉದ್ದಗಲಕ್ಕೂ ರೈತರು ಬೀದಿಗಿಳಿದದ್ದು ನೆನಪಿರಬಹುದು.

5 ಎಚ್.ಪಿ. ಮೋಟರ್ ಎಂದರೆ 3.7 ಕಿಲೋವ್ಯಾಟ್. ಏಳು ಗಂಟೆ ಓಡಿದರೆ 26 ಯುನಿಟ್. ಇದನ್ನು ಹಗಲಲ್ಲಿ ಲಿಥಿಯಮ್ಮಿನಲ್ಲಿ ಕೂಡಿಟ್ಟು ರಾತ್ರಿ ಓಡಿಸಬೇಕೆಂದರೆ, ಇನ್ವರ್ಟರಿನ ಸೋರಿಕೆ ಸೇರಿ, ಮೇಲಿನ ಮನೆಗೆ ಒಂದು ಸಾಕಾದಂಥ ಬ್ಯಾಟರಿ ಇಪ್ಪತ್ತೆಂಟು ಬೇಕು. ಯಾವ ಬೆಳೆಯೂ ಆ ಖರ್ಚನ್ನು ಹೊರುವುದಿಲ್ಲ. ಬದಲಿಗೆ ಅದೇ ಮೋಟರನ್ನು ಹಗಲಿನಲ್ಲೇ ಓಡಿಸಿ, ನೀರನ್ನು ಕೃಷಿಹೊಂಡಕ್ಕೆ ಬಿಟ್ಟರೆ? 60 ಮೀಟರ್ ಆಳದಿಂದ ಎತ್ತುವ ಪಂಪು ಶೇ. 40ರ ದಕ್ಷತೆಯಲ್ಲಿ ಕೆಲಸ ಮಾಡಿದರೂ 26 ಯುನಿಟ್ಟಿಗೆ ಸುಮಾರು 63,000 ಲೀಟರ್ ನೀರು ಮೇಲೆ ಬರುತ್ತದೆ. 2014ರ ಕೃಷಿಭಾಗ್ಯ ಯೋಜನೆಯ ನಂತರ ಊರೂರಲ್ಲಿ ತೋಡಿದ, ಹಾಳೆ ಹಾಸಿದ ಹೊಂಡಗಳಲ್ಲಿ ಚಿಕ್ಕದೂ ಇದನ್ನು ಹಿಡಿಯುತ್ತದೆ. ಹೊಂಡ ಎತ್ತರದಲ್ಲಿದ್ದರೆ ನೀರು ತಾನಾಗಿ ಇಳಿಯುತ್ತದೆ. ಇಲ್ಲವಾದರೆ ಸಣ್ಣ ಮೋಟರ್ ಸಾಕು. ಇಲ್ಲಿ ಕೂಡಿಟ್ಟದ್ದು ವಿದ್ಯುತ್ತಲ್ಲ, ವಿದ್ಯುತ್ತು ಮಾಡಬೇಕಿದ್ದ ಕೆಲಸ.

ರಾಜ್ಯ ಸರ್ಕಾರ ಹಿಡಿದಿರುವ ದಾರಿಯೂ ಇದೇ. ಕುಸುಮ್–ಸಿ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರಘಟಕ ಹಾಕಿ, ಪಂಪ್‌ಸೆಟ್ ಫೀಡರುಗಳಿಗೆ ಹಗಲಲ್ಲೇ ಏಳು ಗಂಟೆ ತ್ರೀ ಫೇಸ್ ಕೊಡುವುದು ಉದ್ದೇಶ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ತೊಂಡೇಭಾವಿ ಹೋಬಳಿಯಲ್ಲಿ ಇಂಥ 20 ಮೆಗಾವ್ಯಾಟ್ ಘಟಕ ಉದ್ಘಾಟನೆಯಾಯಿತು. ಇದರಲ್ಲಿ ಒಂದು ಅಪಾಯ ಅಡಗಿದೆ: ಬಿಸಿಲಿಗೆ ಬಿಲ್ಲಿಲ್ಲವೆಂದು ಬೋರು ದಿನವಿಡೀ ಓಡಿದರೆ ಅಂತರ್ಜಲ ಪಾತಾಳ ಸೇರುತ್ತದೆ. ಹೊಂಡ ತುಂಬಿದ ಮೇಲೆ ಮೋಟರ್ ಬಂದ್ ಮಾಡುವುದು ವಿಜ್ಞಾನಕ್ಕಿಂತ ವಿವೇಕದ ವಿಷಯ.

ಬ್ಯಾಡಗಿಯ ತಂಪು

ಹಾವೇರಿ ಜಿಲ್ಲೆಯದೇ ಆದ ಬ್ಯಾಡಗಿಯಲ್ಲಿ, ಕೆಲಸವನ್ನೇ ಕೂಡಿಡುವ ಈ ತತ್ವ ಇನ್ನೊಂದು ರೂಪದಲ್ಲಿ ಉಪಯೋಗಕ್ಕೆ ಬರಬಲ್ಲದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಅದರ ಬಣ್ಣದಲ್ಲಿದೆ. ಬಣ್ಣ ಉಳಿಯಬೇಕಾದರೆ ತಂಪು ಬೇಕು. ಅದಕ್ಕೇ ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದಿವೆ. ಅಲ್ಲಿನ ಕಂಪ್ರೆಸರು ರಾತ್ರಿಯೂ ಓಡಲೇಬೇಕೆಂದಿಲ್ಲ. ಗೋಡೆಯ ಹೊದಿಕೆ ಚೆನ್ನಾಗಿದ್ದು, ಸಾವಿರಾರು ಚೀಲ ಒಳಗಿದ್ದರೆ ಆ ಸರಕೇ ತಂಪನ್ನು ಹಿಡಿದಿಡುತ್ತದೆ. ಹಗಲಿನ ಸೌರವಿದ್ಯುತ್ತಿನಲ್ಲಿ 4 ಡಿಗ್ರಿಗೆ ಇಳಿಸಿ, ರಾತ್ರಿ ಮೆಲ್ಲಗೆ ಎರಡು ಮೂರು ಡಿಗ್ರಿ ಏರಲು ಬಿಡಬಹುದು. ಅದೂ ಸಾಲದಿದ್ದರೆ ಮಂಜುಗಡ್ಡೆ. ಒಂದು ಟನ್ ಮಂಜುಗಡ್ಡೆ ಕರಗುವಾಗ ಹೀರುವ ಶಾಖ 93 ಯುನಿಟ್ಟಿಗೆ ಸಮ. ಕಂಪ್ರೆಸರು ಒಂದು ಯುನಿಟ್ ವಿದ್ಯುತ್ತಿಗೆ ಮೂರು ಯುನಿಟ್ ಶಾಖ ಹೊರಹಾಕುತ್ತದೆ ಎಂದುಕೊಂಡರೆ, ಆ ಮಂಜುಗಡ್ಡೆ 31 ಯುನಿಟ್ ವಿದ್ಯುತ್ತಿನ ಕೆಲಸವನ್ನು ಕೂಡಿಟ್ಟಂತೆ. ಅದಕ್ಕೆ ಬೇಕಾದದ್ದು ನೀರು ಮತ್ತು ಟ್ಯಾಂಕು, ಲಿಥಿಯಂ ಅಲ್ಲ.

ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಫ್ರಿಜ್ಜಿನ ಗೋಡೆಯೊಳಗೂ ಮಂಜುಗಡ್ಡೆಯ ಪದರವಿದೆ. ಕರೆಂಟು ತಾಸುಗಟ್ಟಲೆ ಹೋದರೂ ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರುತ್ತದೆ. ಆದರೆ ಹೆರಿಗೆ ಕೋಣೆಯ ದೀಪವನ್ನು, ಕೂಸನ್ನು ಬೆಚ್ಚಗಿಡುವ ವಾರ್ಮರನ್ನು ಹಗಲಿಗೆ ಮುಂದೂಡಲಾಗದು. ಅಲ್ಲಿ ಬ್ಯಾಟರಿ ಬೇಕೇ ಬೇಕು. ಸೆಲ್ಕೋ ಫೌಂಡೇಶನ್ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೌರ–ಬ್ಯಾಟರಿ ವ್ಯವಸ್ಥೆ ಹಾಕಿಸುತ್ತಿರುವುದು ಸರಿಯಾದ ಜಾಗ ಆರಿಸಿದ್ದಕ್ಕೆ ಉದಾಹರಣೆ.

ನಾಡಿನ ಬ್ಯಾಟರಿ

ಒಂದು ಮನೆಯ ತೊಡಕು ಇಡೀ ರಾಜ್ಯದ್ದೂ ಹೌದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಸಂಜೆ ಏಳರ ಹೊತ್ತಿಗೆ ಅದೂ ಸೊನ್ನೆಗಿಳಿಯುತ್ತದೆ. ಆಗ ಭಾರ ಹೊರುವುದು ಶರಾವತಿಯಂಥ ಜಲವಿದ್ಯುತ್ ಕೇಂದ್ರಗಳು. ಹಗಲಲ್ಲಿ ಸೂರ್ಯನಿಗೆ ಬಿಟ್ಟುಕೊಟ್ಟು ಲಿಂಗನಮಕ್ಕಿಯಲ್ಲಿ ನೀರು ತಡೆದಿಟ್ಟರೆ, ಆ ಜಲಾಶಯವೇ ನಾಡಿನ ದೊಡ್ಡ ಬ್ಯಾಟರಿ. ಬಿಟ್ಟ ನೀರನ್ನು ಮತ್ತೆ ಮೇಲೆತ್ತುವ ಪಂಪ್ಡ್ ಸ್ಟೋರೇಜ್ ಇನ್ನೊಂದು ಹೆಜ್ಜೆ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಅಂಥ ಯೋಜನೆ ಸರ್ಕಾರದ ಮುಂದಿದೆ. ಅದು ಸಿಂಗಳೀಕಗಳ ಕಾಡಿನೊಳಗೆ ಹಾದುಹೋಗುವುದರಿಂದ ಮಲೆನಾಡಿನಲ್ಲಿ ತೀವ್ರ ವಿರೋಧವೂ ಇದೆ.

ನೀರು ಮತ್ತು ಲಿಥಿಯಂ ಎರಡನ್ನೂ ತೂಗಿ ನೋಡಿದರೆ ಬೆರಗಾಗುತ್ತದೆ. ಜೋಗದಷ್ಟು, ಅಂದರೆ 253 ಮೀಟರ್ ಎತ್ತರದಿಂದ ಸಾವಿರ ಲೀಟರ್ ನೀರು ಬಿದ್ದರೆ ಹುಟ್ಟುವ ಶಕ್ತಿ 0.7 ಯುನಿಟ್ ಕೂಡ ಇಲ್ಲ. ನಾವು ಮನೆಗೆ ಆರಿಸಿದ, ಹನ್ನೆರಡು ಕಿಲೋ ತೂಗುವ ಲಿಥಿಯಂ ಬ್ಯಾಟರಿ ಹಿಡಿಯುವುದು ಅದರ ಎರಡರಷ್ಟಕ್ಕೆ ಹತ್ತಿರ. ಜಲಾಶಯಗಳು ಅಷ್ಟು ದೊಡ್ಡವಾಗಿರಲೇಬೇಕಾದ ಕಾರಣ ಇದು. ಬ್ಯಾಟರಿಯನ್ನು ಮಾತ್ರ ಕಾಡು ಮುಳುಗಿಸದೆ, ಯಾವ ಸಬ್‌ಸ್ಟೇಷನ್ ಅಂಗಳದಲ್ಲಿ ಬೇಕಾದರೂ ಇಡಬಹುದು.

ಇಡುತ್ತಲೂ ಇದ್ದಾರೆ. ಗುಜರಾತಿನ ಮೊಢೇರಾ ಗ್ರಾಮಕ್ಕೆ 2022ರ ಅಕ್ಟೋಬರ್‌ನಲ್ಲಿ 6 ಮೆಗಾವ್ಯಾಟ್ ಸೌರಘಟಕದ ಜೊತೆ 15,000 ಯುನಿಟ್ ಹಿಡಿಯುವ ಬ್ಯಾಟರಿ ಬಂತು. 2024ರಲ್ಲಿ ಛತ್ತೀಸಗಢದ ರಾಜನಂದಗಾಂವ್‌ನಲ್ಲಿ 1,20,000 ಯುನಿಟ್ಟಿನ ಬ್ಯಾಟರಿ ಚಾಲೂ ಆಯಿತು. 2022ರಲ್ಲಿ ಕೇಂದ್ರದ ಸೌರಶಕ್ತಿ ನಿಗಮ ಕರೆದ ಟೆಂಡರಿನಲ್ಲಿ ಒಂದು ಮೆಗಾವ್ಯಾಟ್ ಬ್ಯಾಟರಿಯ ಬಾಡಿಗೆ ತಿಂಗಳಿಗೆ 10.83 ಲಕ್ಷ ರೂಪಾಯಿ ಇತ್ತು. ಮೂರೇ ವರ್ಷದಲ್ಲಿ ಅಂಥ ಟೆಂಡರುಗಳ ದರ ಅದರ ಕಾಲುಭಾಗದ ಆಸುಪಾಸಿಗೆ ಇಳಿಯಿತು. 2025ರ ಫೆಬ್ರವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊಸ ಸೌರ ಟೆಂಡರುಗಳಲ್ಲಿ ಸಾಮರ್ಥ್ಯದ ಶೇ. 10ರಷ್ಟು, ಎರಡು ಗಂಟೆಯ ಶಕ್ತಿ ಶೇಖರಣಾ ವ್ಯವಸ್ಥೆಯನ್ನು ಜೊತೆಗೇ ಇಡಬೇಕೆಂದು ಸಲಹೆ ಮಾಡಿತು.

ಕರ್ಜಗಿಯಂಥ ಊರಿಗೆ ಅಂತಿಮವಾಗಿ ಲಾಭದ ದಾರಿ ಇದೇ ಎಂದು ನನಗನ್ನಿಸುತ್ತದೆ. ಮನೆಗೊಂದು ಬ್ಯಾಟರಿ ಇಡುವುದಕ್ಕಿಂತ ಫೀಡರಿಗೊಂದು ದೊಡ್ಡ ಬ್ಯಾಟರಿ ಅಗ್ಗ, ನೋಡಿಕೊಳ್ಳಲು ಬಲ್ಲವರಿರುತ್ತಾರೆ, ಒಂದು ಮನೆ ಮಲಗಿದಾಗ ಇನ್ನೊಂದು ಮನೆ ಬಳಸುತ್ತದೆ. ಅಲ್ಲಿಯವರೆಗೆ ಸ್ವಂತ ಬ್ಯಾಟರಿ ಬೇಕಾದದ್ದು ನಿಲ್ಲಿಸಲಾಗದ ಸಂಜೆಯ ಕೆಲಸ ಇರುವವರಿಗೆ: ರಾತ್ರಿ ಹೊಲಿಯುವ ಟೇಲರ್, ಹಾಲಿನ ಡೇರಿ, ಔಷಧಿ ಅಂಗಡಿ, ಓದುವ ಮಕ್ಕಳಿರುವ ಮನೆ.

ಕೊಳ್ಳುವ ಮುನ್ನ

ಒಂದು ಚೀಟಿ ತೆಗೆದುಕೊಂಡು ಮೂರು ಸಾಲು ಬರೆಯಿರಿ. ಮೊದಲನೆಯದು, ಹಗಲಿಗೆ ಸರಿಸಬಹುದಾದ ಕೆಲಸ: ಮೋಟರ್, ಗಿರಣಿ, ಇಸ್ತ್ರಿ, ಬಟ್ಟೆ ಒಗೆಯುವ ಯಂತ್ರ. ಎರಡನೆಯದು, ಕಡಿಮೆ ವ್ಯಾಟಿನದಕ್ಕೆ ಬದಲಿಸಬಹುದಾದ ಸಾಮಾನು. ಮೂರನೆಯದು, ಇವೆರಡೂ ಆದ ಮೇಲೆ ರಾತ್ರಿಗೆ ಉಳಿಯುವ ಯುನಿಟ್. ಬ್ಯಾಟರಿ ಬೇಕಾದದ್ದು ಮೂರನೆಯ ಸಾಲಿಗೆ ಮಾತ್ರ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಕೈಗೆ ಸಿಗುವ ಯುನಿಟ್ ಎಷ್ಟು, ಎಷ್ಟು ಸಲ ತುಂಬಬಹುದು, ವಾರಂಟಿ ಪೂರ್ತಿ ಬದಲಿಸಿಕೊಡುವಂಥದ್ದೋ ಬೆಲೆಯ ಒಂದು ಪಾಲನ್ನಷ್ಟೇ ಕೊಡುವಂಥದ್ದೋ, ಮತ್ತು ಕರೆಂಟು ಹೋದಾಗ ಈ ಇನ್ವರ್ಟರ್ ಪ್ಯಾನೆಲ್‌ನಿಂದ ಮನೆ ನಡೆಸುತ್ತದೆಯೋ ಇಲ್ಲವೋ. ನಾಲ್ಕಕ್ಕೂ ಉತ್ತರವನ್ನು ಬಿಲ್ಲಿನ ಮೇಲೆ ಬರೆದುಕೊಡುವ ಅಂಗಡಿಯಲ್ಲೇ ಕೊಳ್ಳಿ.